ಕಾಲೇಜಿಗಿಂತ ಮೊದಲು ಸೀಟು ನೋಡಿ: ಮೈಸೂರು, ಮಂಡ್ಯದಲ್ಲಿ ಕೈಗೆಟಕುವ ಎಂಜಿನಿಯರಿಂಗ್

ಸಿಇಟಿ ರಿಸಲ್ಟ್ ಬಂದ ವಾರ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಯಾವ ಕಾಲೇಜು ಚೆನ್ನಾಗಿದೆ, ಯಾವುದಕ್ಕೆ ಫೀಸು ಕಮ್ಮಿ? ನಾನು ಮಂಡ್ಯದ ಪಿಯು ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚ್ ಕ್ರಮವಾಗಿ ತುಂಬುವ ದಿನಗಳಲ್ಲಿ ಮಕ್ಕಳ ಜೊತೆ, ಅವರ ಅಪ್ಪ ಅಮ್ಮಂದಿರ ಜೊತೆ ಕೂತು ಪಟ್ಟಿ ನೋಡುವುದು ಪ್ರತಿ ವರ್ಷದ ಕೆಲಸ. ನಾನು ಅವರಿಗೆ ಮೊದಲು ಹೇಳುವ ಮಾತು ಇದು: ಫೀಸು ಇರುವುದು ಕಾಲೇಜಿಗಲ್ಲ, ಸೀಟಿಗೆ. ಒಂದೇ ಕಾಲೇಜು, ಒಂದೇ ಬ್ರಾಂಚ್, ಅದೇ ಲ್ಯಾಬು, ಅದೇ ಮೇಷ್ಟ್ರು. ಆದರೂ ಒಂದೇ ಬೆಂಚಿನಲ್ಲಿ ಕೂತ ನಾಲ್ಕು ಮಕ್ಕಳು ನಾಲ್ಕು ತರಹದ ಫೀಸು ಕಟ್ಟಿರಬಹುದು. ಹಾಗಾಗಿ ಯಾವ ತರಹದ ಸೀಟು ನಿಮಗೆ ಸಿಗುತ್ತದೆ ಅನ್ನುವುದನ್ನು ಮೊದಲು ನೋಡಿ. ಕಾಲೇಜಿನ ಹೆಸರು ಆಮೇಲೆ.

1. ಸೀಟುಗಳಲ್ಲಿ ಎಷ್ಟು ಬಗೆ

ಎಲ್ಲಕ್ಕಿಂತ ಕಡಿಮೆ ಫೀಸು ಸರ್ಕಾರಿ ಕಾಲೇಜಿನ ಸೀಟಿಗೆ. ಅದರ ಹತ್ತಿರಹತ್ತಿರವೇ ಇರುವುದು ಅನುದಾನಿತ ಸೀಟು, ಅಂದರೆ ಖಾಸಗಿ ಸಂಸ್ಥೆ ನಡೆಸುವ ಕಾಲೇಜಿನಲ್ಲಿ ಸರ್ಕಾರದ ಅನುದಾನ ಇರುವ ಬ್ರಾಂಚ್. ಈಚಿನ ವರ್ಷಗಳಲ್ಲಿ ಇವೆರಡಕ್ಕೂ ವರ್ಷಕ್ಕೆ ಸುಮಾರು 40 ಸಾವಿರದ ಆಸುಪಾಸು ಆಗುತ್ತಿದೆ. ಮೂರನೆಯದು ಖಾಸಗಿ ಅನುದಾನರಹಿತ ಕಾಲೇಜಿನಲ್ಲಿ ಸಿಇಟಿ ಮೂಲಕ ಸಿಗುವ ಸರ್ಕಾರಿ ಕೋಟಾ ಸೀಟು. ಇತರೆ ಶುಲ್ಕವೆಲ್ಲ ಸೇರಿದರೆ ಇದು ಲಕ್ಷದ ಹತ್ತಿರ ಬರುತ್ತದೆ. ನಾಲ್ಕನೆಯದು ಕಾಮೆಡ್‌ಕೆ, ಅಂದರೆ ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಪರೀಕ್ಷೆಯ ಸೀಟು, ಅದು ಎರಡು ಲಕ್ಷದ ಸುತ್ತಮುತ್ತ, ಕೆಲವು ಕಡೆ ಜಾಸ್ತಿ. ಮ್ಯಾನೇಜ್‌ಮೆಂಟ್ ಸೀಟಿಗೆ ಬ್ರಾಂಚ್ ನೋಡಿ ದರ. ಪ್ರತಿ ವರ್ಷ ಅಂಕಿ ಬದಲಾಗುತ್ತದೆ. ನೀವು ಸೇರುವ ವರ್ಷದ ಸರಿಯಾದ ಮೊತ್ತ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಬರುತ್ತದೆ. ಅದನ್ನೇ ನಂಬಿ. ಪಕ್ಕದ ಮನೆಯವರು ಮೂರು ವರ್ಷದ ಹಿಂದೆ ಕಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅನುದಾನಿತ ಸೀಟಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಎರಡು ಜಿಲ್ಲೆಯ ದೊಡ್ಡ ಅನುಕೂಲ ಇದೇ. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್, ಅಂದರೆ ಎನ್‌ಐಇ, 1946ರಲ್ಲಿ ಶುರುವಾದದ್ದು. ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು 1962ರದ್ದು, ಕೆ.ವಿ. ಶಂಕರಗೌಡರು ಕಟ್ಟಿದ ಸಂಸ್ಥೆ. ಮೈಸೂರಿನ ಎಸ್‌ಜೆಸಿಇ 1963ರದ್ದು. ಈ ಹಳೆಯ ಕಾಲೇಜುಗಳಲ್ಲಿ ಹಳೆಯ ಬ್ರಾಂಚ್‌ಗಳಿಗೆ ಅನುದಾನ ಉಂಟು. ಅದೇ ಕಾಲೇಜಿನಲ್ಲಿ ಅನುದಾನ ಇಲ್ಲದ ಬ್ರಾಂಚ್‌ಗಳೂ ಇವೆ. ಎಐ, ಡೇಟಾ ಸೈನ್ಸ್ ತರಹ ಈಚೆಗೆ ಬಂದ ಬ್ರಾಂಚ್‌ಗಳು ಬಹುತೇಕ ಅನುದಾನರಹಿತ.

ಕೆಇಎ ಪಟ್ಟಿಯಲ್ಲಿ ಇಂಥ ಕಾಲೇಜಿಗೆ ಎರಡು ಕೋಡ್ ಇರುತ್ತದೆ. ಒಂದು ಅನುದಾನಿತ ವಿಭಾಗಕ್ಕೆ, ಇನ್ನೊಂದು ಅನುದಾನರಹಿತ ವಿಭಾಗಕ್ಕೆ. ಒಮ್ಮೆ ಮಳವಳ್ಳಿ ಕಡೆಯಿಂದ ಬಂದ ತಂದೆಯೊಬ್ಬರು ಪಟ್ಟಿಯ ಮೇಲೆ ಬೆರಳಿಟ್ಟು, "ಮೇಷ್ಟ್ರೇ, ಇದೇ ಕಾಲೇಜು ಎರಡು ಸಲ ಬಂದದೆ, ಪ್ರಿಂಟಲ್ಲೇ ತಪ್ಪಾಗದೆ ಕಣ್ರೀ" ಅಂದರು. ಮಗ ಅಷ್ಟರಲ್ಲಿ ಮೇಲಿನ ಕೋಡಿಗೆ ಟಿಕ್ ಹಾಕಿ, ಕೆಳಗಿನದನ್ನು ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿದ್ದ. ಅವನು ಹೊಡೆದು ಹಾಕಿದ್ದೇ ಅನುದಾನಿತ ಸೀಟು, ಅರ್ಧ ಫೀಸಿನದು. ಕೋಡ್ ಪಕ್ಕದ ಕಾಲಮ್ಮಿನಲ್ಲಿ ಇರುವ ಫೀಸು ನೋಡಿದರೆ ಸಾಕು, ಎರಡರಲ್ಲಿ ಯಾವುದು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ. ಆ ಕಾಲಮ್ ಓದದೆ ಒಂದೂ ಆಪ್ಷನ್ ಹಾಕಬೇಡಿ.

ಇನ್ನೊಂದು ಬಗೆ ಇದೆ, ಎಸ್‌ಎನ್‌ಕ್ಯೂ, ಅಂದರೆ ಸೂಪರ್ ನ್ಯೂಮರರಿ ಕೋಟಾ. ಕಾಲೇಜಿಗೆ ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇಕಡಾ 5ರಷ್ಟು ಸೀಟು ಇದರಲ್ಲಿ ಬರುತ್ತದೆ. ಮನೆಯ ವರ್ಷದ ಆದಾಯ 8 ಲಕ್ಷದೊಳಗೆ ಇರಬೇಕು. ಬೋಧನಾ ಶುಲ್ಕ ಪೂರ್ತಿ ಮಾಫಿ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ಖಾಸಗಿ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟನ್ನು ಸರ್ಕಾರಿ ಫೀಸಿಗಿಂತಲೂ ಕಡಿಮೆಗೆ ಪಡೆಯಲು ಇದೊಂದು ದಾರಿ. ಆದರೆ ಒಂದು ಬ್ರಾಂಚಿಗೆ ಬೆರಳೆಣಿಕೆಯ ಸೀಟು, ರ‍್ಯಾಂಕ್ ಚೆನ್ನಾಗಿರಬೇಕು. ಸೇರಿದ ಮೇಲೆ ಕಾಲೇಜನ್ನಾಗಲಿ ಬ್ರಾಂಚನ್ನಾಗಲಿ ಬದಲಾಯಿಸಲು ಬರುವುದಿಲ್ಲ. ಅದನ್ನು ತಿಳಿದೇ ತೆಗೆದುಕೊಳ್ಳಿ.

2. ಅರ್ಜಿ ತುಂಬುವ ಹೊತ್ತಿಗೇ ಕಾಗದ ಪತ್ರ

ಫೀಸು ಕಡಿಮೆಯಾಗುವುದು ಆಪ್ಷನ್ ಎಂಟ್ರಿಯಲ್ಲಿ ಅಂತ ಜನ ಅಂದುಕೊಳ್ಳುತ್ತಾರೆ. ಅರ್ಧ ಕೆಲಸ ಸಿಇಟಿ ಅರ್ಜಿ ತುಂಬುವಾಗಲೇ ಮುಗಿದಿರುತ್ತದೆ. ಎಸ್‌ಎನ್‌ಕ್ಯೂ ಬೇಕು, ಗ್ರಾಮೀಣ ಮೀಸಲಾತಿ ಬೇಕು, ಕನ್ನಡ ಮಾಧ್ಯಮ ಮೀಸಲಾತಿ ಬೇಕು ಅಂತ ಅರ್ಜಿಯಲ್ಲೇ ಹೇಳಬೇಕು. ಸೀಟು ಹಂಚುವ ಹೊತ್ತಿಗೆ ನೆನಪಾದರೆ ಪ್ರಯೋಜನವಿಲ್ಲ.

ಗ್ರಾಮೀಣ ಮೀಸಲಾತಿ ಶೇಕಡಾ 15. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮಕ್ಕೆ ಶೇಕಡಾ 5, ಅದೂ ಒಂದರಿಂದ ಹತ್ತರವರೆಗೆ. ನಾಗಮಂಗಲ, ಕೆ.ಆರ್. ಪೇಟೆ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಎಷ್ಟೋ ಮಕ್ಕಳು ಇವೆರಡಕ್ಕೂ ಅರ್ಹರು. ಕನ್ನಡದಲ್ಲಿ ಓದಿದೆ ಅಂತ ಕೀಳರಿಮೆ ಪಟ್ಟುಕೊಂಡು ಕೂತಿರುವ ಮಕ್ಕಳಿಗೆ ಅದೇ ಸರ್ಟಿಫಿಕೇಟು ಒಳ್ಳೆಯ ಕಾಲೇಜಿನ ಬಾಗಿಲು ತೆಗೆಸಿದ್ದನ್ನು ನಾನು ನೋಡಿದ್ದೇನೆ. ಶಾಲೆಯ ಮುಖ್ಯ ಶಿಕ್ಷಕರು, ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ ಅಂತ ಓಡಾಟ ಇರುತ್ತದೆ. ನಡುವೆ ಒಂದು ವರ್ಷ ಪೇಟೆ ಶಾಲೆಗೆ ಸೇರಿಸಿದ್ದರೆ ಗ್ರಾಮೀಣ ಮೀಸಲಾತಿ ಹೋಗುತ್ತದೆ. ಆದ್ದರಿಂದ ಶಾಲೆಯ ದಾಖಲೆ ನೋಡಿಕೊಂಡೇ ಬರೆಯಿರಿ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿರುವ ಆರ್‌ಡಿ ನಂಬರನ್ನೇ ಅರ್ಜಿಯಲ್ಲಿ ಹಾಕುವುದು. ಹಿಂದುಳಿದ ವರ್ಗದ 2ಎ, 3ಎ, 3ಬಿ ಅವರ ಆದಾಯ ಪತ್ರಕ್ಕೆ 5 ವರ್ಷ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಹಾಗೇ ಇದೆ ಅಂತ ಸುಮ್ಮನಿರಬೇಡಿ, ದಿನಾಂಕ ನೋಡಿ. ಮಗುವಿನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ತರಹ, ಆಧಾರ್‌ನಲ್ಲಿ ಒಂದು ತರಹ, ಆರ್‌ಡಿ ಪತ್ರದಲ್ಲಿ ಇನ್ನೊಂದು ತರಹ ಇದ್ದರೆ ಈಗಲೇ ಸರಿಮಾಡಿಸಿ. ಇನಿಷಿಯಲ್ ಹಿಂದೆ ಮುಂದೆ ಆಗಿರುವುದೂ ಸ್ಕಾಲರ್‌ಶಿಪ್ ಹೊತ್ತಿನಲ್ಲಿ ತೊಡಕಾಗುತ್ತದೆ.

3. ಕಟ್ ಆಫ್ ಓದುವ ಬಗೆ

ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ತಲಾ 60 ಅಂಕ. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಅದೇ ಮೂರು ವಿಷಯದ ಅಂಕ ಅರ್ಧ. ಅರ್ಹತೆಗೆ ಆ ಮೂರು ವಿಷಯದಲ್ಲಿ ಸೇರಿ ಶೇಕಡಾ 45 ಬೇಕು, ಮೀಸಲಾತಿ ಇರುವವರಿಗೆ 40.

ರ‍್ಯಾಂಕ್ ಕೈಗೆ ಬಂದ ಮೇಲೆ ಕೆಇಎ ವೆಬ್‌ಸೈಟಿನಿಂದ ಹಿಂದಿನ ಎರಡು ಮೂರು ವರ್ಷದ ಕಟ್ ಆಫ್, ಅಂದರೆ ಕೊನೆಯದಾಗಿ ಸೀಟು ಸಿಕ್ಕ ರ‍್ಯಾಂಕಿನ ಪಟ್ಟಿ ಇಳಿಸಿಕೊಳ್ಳಿ. ಅದರಲ್ಲಿ ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ, 3ಎಜಿ ಅಂತ ಸಾಲಾಗಿ ಕಾಲಮ್‌ಗಳು ಇರುತ್ತವೆ. ಜಿಎಂ ಅಂದರೆ ಜನರಲ್ ಮೆರಿಟ್. ಉಳಿದವುಗಳಲ್ಲಿ ಕೊನೆಯ ಅಕ್ಷರ ನೋಡಿ: ಜಿ ಅಂದರೆ ಸಾಮಾನ್ಯ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಹಳ್ಳಿಯಲ್ಲಿ ಓದಿದ 3ಎ ಹುಡುಗಿ ಜಿಎಂ ಕಾಲಮ್ ಮಾತ್ರ ನೋಡಿ, "ನಂಗೆ ಸಿಗಲ್ಲ ಬಿಡಿ ಸಾರ್" ಅಂದುಕೊಳ್ಳಬಾರದು. ಅವಳು ನೋಡಬೇಕಾದದ್ದು ಜಿಎಂ, ಜಿಎಂಆರ್, 3ಎಜಿ, 3ಎಆರ್, ಈ ನಾಲ್ಕನ್ನೂ. ಇವುಗಳಲ್ಲಿ ಯಾವುದರಲ್ಲಿ ಸೀಟು ಸಿಕ್ಕರೂ ಸಿಕ್ಕಿದಂತೆಯೇ.

ಮೊದಲ ಸುತ್ತಿನ ಕಟ್ ಆಫ್‌ಗಿಂತ ಕೊನೆಯ ಸುತ್ತಿನದು ಸಡಿಲ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ.

4. ನಮ್ಮ ಸುತ್ತಮುತ್ತ ಏನೇನಿದೆ

ಸರ್ಕಾರಿ ಕಾಲೇಜು ಅಂದರೆ ಮಂಡ್ಯ ಜಿಲ್ಲೆಯಲ್ಲಿ ಕೆ.ಆರ್. ಪೇಟೆಯದು, 2007ರಲ್ಲಿ ಶುರುವಾಯಿತು. ಅದೇ ವರ್ಷ ಚಾಮರಾಜನಗರ, ಕುಶಾಲನಗರ, ರಾಮನಗರದಲ್ಲೂ ಬಂದವು. ನಂಜನಗೂಡು ಕಡೆಯವರಿಗೆ ಚಾಮರಾಜನಗರಕ್ಕೆ ರೈಲು ಇದೆ. ಮದ್ದೂರು ಕಡೆಯವರಿಗೆ ರಾಮನಗರ ಹತ್ತಿರ. ಪಿರಿಯಾಪಟ್ಟಣದವರಿಗೆ ಕುಶಾಲನಗರ ಹತ್ತಿರ. "ಸರ್ಕಾರಿ ಅಂದ್ರೆ ಬೇಡ" ಅನ್ನುವ ಮಾತು ಮನೆಗಳಲ್ಲಿ ತುಂಬಾ ಕೇಳುತ್ತೇನೆ, ಅದು ನನಗೆ ಬೇಸರದ ವಿಷಯ. ಸಿಲಬಸ್ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದೇ, ಪರೀಕ್ಷೆ ವಿಟಿಯುದೇ, ಡಿಗ್ರಿಯೂ ವಿಟಿಯುದೇ. ಕಂಪನಿಗಳು ಅಲ್ಲಿಗೆ ಬರುವುದು ಕಡಿಮೆ ಅನ್ನುವುದು ನಿಜ. ಹಾಗಾಗಿ ಅಲ್ಲಿ ಸೇರುವ ಮಗು ಇಂಟರ್ನ್‌ಶಿಪ್ ಹುಡುಕುವುದು, ಪ್ರಾಜೆಕ್ಟ್ ಮಾಡುವುದು, ಹೊರಗಿನ ಡ್ರೈವ್‌ಗಳಿಗೆ ಹೋಗುವುದು ಎಲ್ಲವನ್ನೂ ತಾನೇ ನೋಡಿಕೊಳ್ಳಬೇಕು. ಅಂಥ ಗಟ್ಟಿ ಮಗುವಿಗೆ ಎರಡು ಲಕ್ಷದೊಳಗೆ ನಾಲ್ಕು ವರ್ಷದ ಫೀಸು ಮುಗಿಯುತ್ತದೆ ಅಂದರೆ ಸಣ್ಣ ಮಾತಲ್ಲ.

ಅನುದಾನಿತದಲ್ಲಿ ಎನ್‌ಐಇ, ಎಸ್‌ಜೆಸಿಇ, ಪಿಇಎಸ್ ಮೂರನ್ನು ಮೇಲೆ ಹೇಳಿದೆ. ಎಸ್‌ಜೆಸಿಇ 2016ರಿಂದ ಜೆಎಸ್‌ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಭಾಗ. ಖಾಸಗಿ ವಿಶ್ವವಿದ್ಯಾಲಯದ ಸೀಟುಗಳಿಗೆ ಫೀಸಿನ ಪಟ್ಟಿ ಬೇರೆಯೇ ಇರುತ್ತದೆ, ಅಲ್ಲಿ ಕೋಡನ್ನು ಇನ್ನಷ್ಟು ಎಚ್ಚರದಿಂದ ನೋಡಿ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿರುವ ಬಿಜಿಎಸ್ ಕಾಲೇಜು ಕೂಡ ಈಗ ಆದಿಚುಂಚನಗಿರಿ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ.

ಖಾಸಗಿ ಅನುದಾನರಹಿತದಲ್ಲಿ ಗೋಕುಲಂನ ವಿದ್ಯಾವರ್ಧಕ, ಹೆಣ್ಣುಮಕ್ಕಳಿಗೆ ಮಾತ್ರ ಇರುವ ಕೆಆರ್‌ಎಸ್ ರಸ್ತೆಯ ಜಿಎಸ್‌ಎಸ್‌ಎಸ್, ಬನ್ನೂರು ರಸ್ತೆಯ ಎಟಿಎಂಇ, ಶ್ರೀರಂಗಪಟ್ಟಣ ತಾಲ್ಲೂಕು ಬೆಳವಾಡಿಯ ಮಹಾರಾಜ ಇನ್‌ಸ್ಟಿಟ್ಯೂಟ್, ಭಾರತೀನಗರದ ಜಿ. ಮಾದೇಗೌಡ ಇನ್‌ಸ್ಟಿಟ್ಯೂಟ್ ಇವೆ, ಇನ್ನೂ ಕೆಲವು ಇವೆ. ಇವುಗಳಲ್ಲಿ ಸರ್ಕಾರಿ ಕೋಟಾ ಸೀಟಿನ ಫೀಸು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬರುವುದು "ಇತರೆ" ಅನ್ನುವ ಕಾಲಮ್ಮಿನಲ್ಲಿ.

ಬ್ರಾಂಚಿನ ಬಗ್ಗೆ ಒಂದು ಮಾತು. ಎಲ್ಲರೂ ಕಂಪ್ಯೂಟರ್ ಸೈನ್ಸ್ ಅಂತಾರೆ, ಅದಕ್ಕೇ ಅನುದಾನಿತ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಸೀಟುಗಳು ದೂರದ ರ‍್ಯಾಂಕಿಗೂ ಸಿಗುತ್ತಿವೆ. ಯಂತ್ರ ಅಂದರೆ ಆಸೆ ಇರುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೈಸೂರಿನಲ್ಲಿ ಬಿಇಎಂಎಲ್ ಇದೆ, ಹೆಬ್ಬಾಳ, ಹೂಟಗಳ್ಳಿ, ನಂಜನಗೂಡಿನಲ್ಲಿ ಕಾರ್ಖಾನೆಗಳಿವೆ, ವಿದ್ಯುತ್ ಕಂಪನಿ ಚೆಸ್ಕಾಂ ಮುಖ್ಯ ಕಚೇರಿಯೇ ಇಲ್ಲಿದೆ. ಸರ್ಕಾರಿ ಎಂಜಿನಿಯರ್ ಹುದ್ದೆಗಳಿಗೆ ಕರೆಯುವುದೂ ಹೆಚ್ಚಾಗಿ ಸಿವಿಲ್, ಎಲೆಕ್ಟ್ರಿಕಲ್‌ನವರನ್ನೇ. ಆದರೆ ಫೀಸು ಕಮ್ಮಿ ಅನ್ನುವ ಒಂದೇ ಕಾರಣಕ್ಕೆ ಮನಸ್ಸಿಲ್ಲದ ಬ್ರಾಂಚಿಗೆ ಮಗುವನ್ನು ತಳ್ಳಬೇಡಿ. ಸೆಮಿಸ್ಟರ್ ಸೆಮಿಸ್ಟರ್ ಬ್ಯಾಕ್ ಉಳಿದು ಐದಾರು ವರ್ಷ ಎಳೆದರೆ ಉಳಿತಾಯ ಎಲ್ಲಿ ಬಂತು?

5. ನಾಲ್ಕು ವರ್ಷದ ಲೆಕ್ಕ, ಒಂದು ಹಾಳೆಯಲ್ಲಿ

ಮೊದಲ ವರ್ಷದ ಫೀಸನ್ನು ನೋಡಿ ನಿರ್ಧಾರ ಮಾಡಬೇಡಿ. ಉಳಿಯುವ ಜಾಗ, ಊಟ, ಓಡಾಟ ಸೇರಿಸಿ ನಾಲ್ಕು ವರ್ಷಕ್ಕೆ ಗುಣಿಸಿ. ಮದ್ದೂರು ಹತ್ತಿರದ ಹಳ್ಳಿಯ ಒಂದು ಮನೆ ಅಂತ ಇಟ್ಟುಕೊಳ್ಳಿ. ಅಂಕಿಗಳು ಲೆಕ್ಕ ತೋರಿಸಲು ಹಿಡಿದದ್ದು, ನಿಮ್ಮವನ್ನು ನೀವು ಹಾಕಿಕೊಳ್ಳಿ.

ಮೈಸೂರಿನಲ್ಲಿ ಅನುದಾನಿತ ಸೀಟು, ವರ್ಷಕ್ಕೆ 45 ಸಾವಿರ. ನಾಲ್ಕು ವರ್ಷಕ್ಕೆ 1 ಲಕ್ಷ 80 ಸಾವಿರ. ಪಿಜಿ ಮತ್ತು ಊಟಕ್ಕೆ ತಿಂಗಳಿಗೆ 7 ಸಾವಿರ, ವರ್ಷಕ್ಕೆ 10 ತಿಂಗಳು. ನಾಲ್ಕು ವರ್ಷಕ್ಕೆ 2 ಲಕ್ಷ 80 ಸಾವಿರ. ಒಟ್ಟು 4 ಲಕ್ಷ 60 ಸಾವಿರ.

ಮನೆಯಿಂದಲೇ ಓಡಾಡುವಷ್ಟು ದೂರದ ಖಾಸಗಿ ಕಾಲೇಜು, ವರ್ಷಕ್ಕೆ 1 ಲಕ್ಷ. ನಾಲ್ಕು ವರ್ಷಕ್ಕೆ 4 ಲಕ್ಷ. ಬಸ್ಸು, ಮಧ್ಯಾಹ್ನದ ತಿಂಡಿಗೆ ತಿಂಗಳಿಗೆ 1,500, ನಾಲ್ಕು ವರ್ಷಕ್ಕೆ 60 ಸಾವಿರ. ಒಟ್ಟು ಅದೂ 4 ಲಕ್ಷ 60 ಸಾವಿರ!

ಅದೇ ಮಗುವಿಗೆ ಮಂಡ್ಯದಲ್ಲೇ ಅನುದಾನಿತ ಸೀಟು ಸಿಕ್ಕಿ ಮನೆಯಿಂದ ಓಡಾಡಿದರೆ 2 ಲಕ್ಷ 40 ಸಾವಿರಕ್ಕೆ ಮುಗಿಯುತ್ತದೆ. ಮೈಸೂರಿಗೇ ಹೋದರೂ ಸರ್ಕಾರಿ ಹಾಸ್ಟೆಲ್ ಸಿಕ್ಕರೆ ಹೆಚ್ಚುಕಡಿಮೆ ಅಷ್ಟೇ. ಫೀಸಿನ ಪಟ್ಟಿ ಮಾತ್ರ ನೋಡುತ್ತಿದ್ದರೆ ಇದು ಕಾಣುವುದೇ ಇಲ್ಲ, ಅಲ್ವಾ?

ಹಾಸ್ಟೆಲ್ ಅಂದಾಗ ಮೊದಲು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ ಮತ್ತು ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕಿ. ಊಟ, ವಸತಿ ಉಚಿತ. ಸೀಟು ಕಡಿಮೆ, ಅರ್ಜಿ ಜಾಸ್ತಿ, ಆದ್ದರಿಂದ ಅಡ್ಮಿಷನ್ ಆದ ಕೂಡಲೇ ಹಾಕಬೇಕು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಯ ಖರ್ಚಿಗೆ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಮೈಸೂರಿನಲ್ಲಿ ಬೇರೆ ಬೇರೆ ಸಮುದಾಯದವರು ನಡೆಸುವ ವಿದ್ಯಾರ್ಥಿ ನಿಲಯಗಳೂ ಹಿಂದಿನಿಂದ ಇವೆ, ಪಿಜಿಗಿಂತ ಅಗ್ಗ. ಊರಿನ ಹಿರಿಯರನ್ನು ಕೇಳಿದರೆ ದಾರಿ ಗೊತ್ತಾಗುತ್ತದೆ.

ಓಡಾಟಕ್ಕೆ ಕೆಎಸ್‌ಆರ್‌ಟಿಸಿಯ ವಿದ್ಯಾರ್ಥಿ ಪಾಸ್ ಇದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಖರ್ಚೇ ಇಲ್ಲ. ರೈಲು ಹತ್ತಿರ ಇರುವವರು ತಿಂಗಳ ಸೀಸನ್ ಟಿಕೆಟ್ ನೋಡಿ. ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಎಲ್ಲವೂ ಮೈಸೂರು ಮಾರ್ಗದಲ್ಲೇ ಬರುತ್ತವೆ. ಒಂದು ಎಚ್ಚರಿಕೆ: ಹೋಗಿ ಬರಲು ದಿನಕ್ಕೆ ಮೂರು ನಾಲ್ಕು ಗಂಟೆ ಹಿಡಿದರೆ ಓದುವ ಹೊತ್ತು ಉಳಿಯುವುದಿಲ್ಲ. ಆ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

6. ಕಾಲೇಜಿಗೆ ಒಂದು ಸಲ ಹೋಗಿ ಬನ್ನಿ

ಜಾಹೀರಾತಿನಲ್ಲಿ ಅತಿ ಹೆಚ್ಚು ಪ್ಯಾಕೇಜ್ ಎಷ್ಟು ಅಂತ ಇರುತ್ತದೆ. ಅದು ಒಬ್ಬ ಹುಡುಗನ ಸಂಬಳ. ನಿಮಗೆ ಬೇಕಾದದ್ದು ನಡುವಿನವರ ಸಂಬಳ, ಮತ್ತು ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಅನ್ನುವುದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜುಗಳು ಈ ಎರಡೂ ಅಂಕಿಯನ್ನು ಕೊಟ್ಟಿರುತ್ತವೆ. ಅವುಗಳ ವೆಬ್‌ಸೈಟಿನಲ್ಲೇ ಆ ಪಿಡಿಎಫ್ ಸಿಗುತ್ತದೆ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ನಿಯಮದಂತೆ ಕಾಲೇಜುಗಳು ಫೀಸು, ಶಿಕ್ಷಕರ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕಬೇಕು, ಅದನ್ನೂ ಓದಿ. ಗುಣಮಟ್ಟ ನೋಡಿ ಕೊಡುವ ಎನ್‌ಬಿಎ ಮಾನ್ಯತೆ ಸಿಗುವುದು ಒಂದೊಂದು ಬ್ರಾಂಚಿಗೆ ಬೇರೆ ಬೇರೆಯಾಗಿ. ಕಾಲೇಜಿಗೆ ಇದೆ ಅಂದರೆ ಸಾಲದು, ನಿಮ್ಮ ಬ್ರಾಂಚಿಗೆ ಇದೆಯಾ ಅಂತ ಕೇಳಿ.

ಆಮೇಲೆ ಒಂದು ದಿನ ಹೋಗಿ ಬನ್ನಿ. ಆಫೀಸಿನವರ ಜೊತೆ ಮಾತಾಡಿ ವಾಪಸ್ ಬಂದುಬಿಡಬೇಡಿ. ಗೇಟಿನ ಹತ್ತಿರ ಟೀ ಅಂಗಡಿಯಲ್ಲಿ ಎರಡನೇ ವರ್ಷದ ಮಕ್ಕಳು ಸಿಗುತ್ತಾರೆ. ಅವರನ್ನು ಕೇಳಿ: "ಕೆಇಎ ಫೀಸು ಬಿಟ್ಟು ಕಳೆದ ವರ್ಷ ಇನ್ನೇನೇನು ಕಟ್ಟಿದ್ರಿ?" ಟ್ರೈನಿಂಗ್ ಫೀಸು, ಸ್ಕಿಲ್ ಲ್ಯಾಬ್ ಫೀಸು, ಯೂನಿಫಾರ್ಮ್, ಕಾಲೇಜ್ ಬಸ್ಸು, ಪರೀಕ್ಷಾ ಶುಲ್ಕ ಅಂತ ಒಂದೊಂದೇ ಹೊರಬರುತ್ತವೆ. ಆ ಹಾಳೆಯಲ್ಲಿ ಬರೆದುಕೊಳ್ಳಿ. ಲ್ಯಾಬಿನಲ್ಲಿ ಒಂದು ಯಂತ್ರಕ್ಕೆ ಎಷ್ಟು ಮಕ್ಕಳು, ಲೈಬ್ರರಿ ಸಂಜೆ ಎಷ್ಟರವರೆಗೆ ತೆರೆದಿರುತ್ತದೆ ಅನ್ನುವುದನ್ನೂ ಕೇಳಿ. ಪುಸ್ತಕ ಕೊಳ್ಳಲಾಗದ ಮಗುವಿಗೆ ಲೈಬ್ರರಿಯೇ ಆಸರೆ.

"ಸೀಟು ಖಾಲಿಯಾಗ್ತಿದೆ, ಈಗಲೇ ಅಡ್ವಾನ್ಸ್ ಕಟ್ಟಿ" ಅಂತ ಫೋನ್ ಮಾಡುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಿಇಟಿ ಸೀಟನ್ನು ಕೆಇಎ ಬಿಟ್ಟು ಬೇರೆ ಯಾರೂ ಕೊಡಿಸಲು ಸಾಧ್ಯವಿಲ್ಲ. ಜಮೀನು ಅಡವಿಟ್ಟು ಮೇ ತಿಂಗಳಲ್ಲೇ ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಕಟ್ಟಿದ ಮನೆಯ ಮಗುವಿಗೆ ಆಮೇಲೆ ಸಿಇಟಿಯಲ್ಲೇ ಒಳ್ಳೆ ಸೀಟು ಬರುವುದುಂಟು. ಆಗ ಆ ದುಡ್ಡಿಗಾಗಿ ಅಲೆಯುವ ಕಷ್ಟ ಯಾರಿಗೂ ಬೇಡ.

7. ಆಪ್ಷನ್ ಎಂಟ್ರಿ

ಆಸೆ ಇರುವ ಕ್ರಮದಲ್ಲೇ ಹಾಕಿ. ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ, ನಿಮ್ಮ ರ‍್ಯಾಂಕಿಗೆ ಮೊದಲು ಸಿಗುವುದನ್ನು ಕೊಡುತ್ತದೆ. ಸಿಗದಂಥ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದು ತಪ್ಪಿಹೋಗುತ್ತದೆ ಅನ್ನುವುದು ಸುಳ್ಳು. ಆದರೆ ಸೇರಲು ಮನಸ್ಸಿಲ್ಲದ ಕಾಲೇಜನ್ನು "ಇರಲಿ" ಅಂತ ಮೇಲೆ ಹಾಕಿದರೆ ಅದೇ ಬಂದು ಕೂರುತ್ತದೆ. ಅನುದಾನಿತ ಕೋಡು, ಅನುದಾನರಹಿತ ಕೋಡು ಎರಡನ್ನೂ ಹಾಕುವುದಾದರೆ ಅನುದಾನಿತದ್ದು ಮೇಲಿರಲಿ. ಪಟ್ಟಿ ಉದ್ದವಾಗಿರಲಿ, ನಲವತ್ತು ಐವತ್ತು ಆಪ್ಷನ್ ಆದರೂ ಪರವಾಗಿಲ್ಲ.

ಅಣಕು ಹಂಚಿಕೆ ಬಂದಾಗ ಗಾಬರಿಯಾಗಬೇಡಿ. ಅದು ತಾತ್ಕಾಲಿಕ. ಅದನ್ನು ನೋಡಿ ಕ್ರಮ ಬದಲಾಯಿಸಲು ಅವಕಾಶ ಕೊಡುತ್ತಾರೆ. ನಿಜವಾದ ಸುತ್ತಿನಲ್ಲಿ ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಮೊದಲನೆಯದು, ಒಪ್ಪಿದೆ, ಸೇರುತ್ತೇನೆ. ಎರಡನೆಯದು, ಒಪ್ಪಿದೆ, ಆದರೆ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲಿ ನೋಡುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ಪೂರ್ತಿ ಬೇಡ. ಕಡಿಮೆ ಖರ್ಚಿನ ಸೀಟು ಒಂದು ಕೈಗೆ ಬಂದಿದ್ದರೆ ಎರಡನೇ ಚಾಯ್ಸ್ ಸುರಕ್ಷಿತ. ಮೇಲಿನದು ಸಿಗದಿದ್ದರೂ ಇದು ಉಳಿಯುತ್ತದೆ, ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. ಮೂರನೆಯದರಲ್ಲಿ ಕೈಯಲ್ಲಿದ್ದದ್ದೂ ಹೋಗುತ್ತದೆ. ಮಕ್ಕಳು ಸೈಬರ್ ಸೆಂಟರಿನಲ್ಲಿ ಅವಸರದಲ್ಲಿ ಮೂರು ಒತ್ತಿಬಿಡುತ್ತಾರೆ, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಿ.

ಕಬ್ಬಿನ ದುಡ್ಡು ನಂಬಿರುವ ಮನೆಯವರಿಗೆ ಒಂದು ಮಾತು. ಫೀಸು ಕಟ್ಟಲು ಕೆಇಎ ಕೊಡುವುದು ಕೆಲವೇ ದಿನ. ಬಿಲ್ ಬಂದ ಮೇಲೆ ನೋಡೋಣ ಅಂದರೆ ಸೀಟು ಕೈತಪ್ಪುತ್ತದೆ. ಮೊದಲ ವರ್ಷದ ಮೊತ್ತವನ್ನು ರಿಸಲ್ಟಿಗೆ ಮುಂಚೆಯೇ ಬ್ಯಾಂಕಿನಲ್ಲಿ ಇಟ್ಟುಕೊಂಡಿರಿ.

ರ‍್ಯಾಂಕ್ ತೀರಾ ದೂರ ಹೋಗಿ ಕೈಗೆಟಕುವ ಸೀಟು ಕಾಣದಿದ್ದರೆ ಡಿಪ್ಲೊಮಾ ದಾರಿ ಇದೆ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಫೀಸು ತುಂಬಾ ಕಡಿಮೆ. ಮುಗಿಸಿ ಡಿಸಿಇಟಿ, ಅಂದರೆ ಡಿಪ್ಲೊಮಾದವರ ಸಿಇಟಿ ಬರೆದರೆ ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು.

8. ಸ್ಕಾಲರ್‌ಶಿಪ್, ಸಾಲ, ಅಡ್ಮಿಷನ್ ದಿನ

ರಾಜ್ಯದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಹೆಚ್ಚಿನವು ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಮನೆಯ ಆದಾಯ 2.5 ಲಕ್ಷದೊಳಗಿದ್ದರೆ ಫೀಸಿನ ಹೊರೆ ಬಹುತೇಕ ಇಳಿಯುತ್ತದೆ. ಪ್ರವರ್ಗ 1ಕ್ಕೆ ಆದಾಯದ ಮಿತಿ ಬೇರೆ, 2ಎ, 3ಎ, 3ಬಿಗೆ ಬೇರೆ. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಬಂದಾಗ ಎಂಜಿನಿಯರಿಂಗ್‌ಗೆ ವರ್ಷಕ್ಕೆ ಹುಡುಗರಿಗೆ 10 ಸಾವಿರ, ಹುಡುಗಿಯರಿಗೆ 11 ಸಾವಿರ ಇತ್ತು, ನೀವು ಸೇರುವ ವರ್ಷ ಇದೆಯಾ ಅಂತ ವಿಚಾರಿಸಿ. ಅದಕ್ಕೆ ಅಪ್ಪ ಅಥವಾ ಅಮ್ಮನ ಹೆಸರಿನಲ್ಲಿ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬೇಕು, ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿ. ಕಟ್ಟಡ ಕೆಲಸದ ಲೇಬರ್ ಕಾರ್ಡ್ ಇರುವ ಮನೆಯವರಿಗೆ ಕಾರ್ಮಿಕ ಇಲಾಖೆಯ ಕಲ್ಯಾಣ ಮಂಡಳಿಯಿಂದ ಓದಿನ ಸಹಾಯಧನ ಇದೆ.

ಹೆಣ್ಣುಮಕ್ಕಳಿರುವ ಮನೆಯವರು ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಹೆಸರನ್ನು ಗುರುತು ಹಾಕಿಕೊಳ್ಳಿ. ವರ್ಷಕ್ಕೆ 50 ಸಾವಿರ, ಮನೆಯ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳವರೆಗೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲ ವರ್ಷವೇ ಅರ್ಜಿ ಹಾಕಬೇಕು. ಸಿಕ್ಕರೆ ಅನುದಾನಿತ ಸೀಟಿನ ಫೀಸು ಪೂರ್ತಿ ಅದರಲ್ಲೇ ಮುಗಿಯುತ್ತದೆ. ಇಷ್ಟು ದೊಡ್ಡ ಸ್ಕಾಲರ್‌ಶಿಪ್ ಇದೆ ಅಂತ ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ದಯವಿಟ್ಟು ನಾಲ್ಕು ಜನಕ್ಕೆ ಹೇಳಿ.

ಸಾಲ ಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲವೇ ಇರಲಿ, ಕೈಸಾಲ ಬೇಡ. 4 ಲಕ್ಷದವರೆಗೆ ಜಮೀನು, ಮನೆ ಅಡವಿಡಬೇಕಾಗಿಲ್ಲ. ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಓದುವ ಅವಧಿಯ ಬಡ್ಡಿಗೆ ಕೇಂದ್ರದ ಸಬ್ಸಿಡಿ ಯೋಜನೆ ಇದೆ. ಮ್ಯಾನೇಜರ್ ಹತ್ತಿರ ಹೋದಾಗ ಅದರ ಹೆಸರು ಹೇಳಿಯೇ ಕೇಳಿ, ಸಿಎಸ್‌ಐಎಸ್ ಅಂತ.

ಸೇರುವ ದಿನ ಮೂಲ ಅಂಕಪಟ್ಟಿಗಳ ಜೊತೆ ಮೂರು ನಾಲ್ಕು ಸೆಟ್ ಜೆರಾಕ್ಸ್ ಇರಲಿ. ಕಾಲೇಜು ಮೂಲ ದಾಖಲೆಗಳನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ ಹೇಳಿದೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ತೆಗೆದುಕೊಳ್ಳಿ. ಯಾವ ಶೀರ್ಷಿಕೆಯಲ್ಲಿ ಕಟ್ಟಿಸಿಕೊಂಡರು ಅನ್ನುವುದು ಅದರಲ್ಲಿ ಬರೆದಿರಬೇಕು. ಕೆಇಎ ಪಟ್ಟಿಯಲ್ಲಿ ಇಲ್ಲದ ದೊಡ್ಡ ಮೊತ್ತ ಕೇಳಿದರೆ ಲಿಖಿತವಾಗಿ ಕೊಡಿ ಅನ್ನಿ. ಎಷ್ಟೋ ಸಲ ಅಲ್ಲಿಗೇ ಮೊತ್ತ ಇಳಿಯುತ್ತದೆ. ಇಳಿಯದಿದ್ದರೆ ಆ ರಸೀದಿ ಇಟ್ಟುಕೊಂಡು ರಾಜ್ಯದ ಶುಲ್ಕ ನಿಯಂತ್ರಣ ಸಮಿತಿಗೆ ದೂರು ಕೊಡಬಹುದು. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಅದೇ ವಾರ ನೋಡಿ. ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಬರದೆ ನಿಲ್ಲುವುದು ಹೆಚ್ಚಾಗಿ ಅದರಿಂದಲೇ. ಎರಡನೇ ವರ್ಷಕ್ಕೆ ಬಂದಾಗ ಎಲ್ಲ ಸ್ಕಾಲರ್‌ಶಿಪ್‌ಗೂ ಮತ್ತೆ ನವೀಕರಣದ ಅರ್ಜಿ ಹಾಕಬೇಕು, ತಾನಾಗಿ ಮುಂದುವರಿಯುವುದಿಲ್ಲ.